ಹವಳ ಸತ್ತಾಗ ಹೊಸದು ತರುವ ಮುನ್ನ

ಯಳಂದೂರು ತಾಲ್ಲೂಕಿನ ಅಗರದಂಥ ಒಳನಾಡಿನ ಊರಲ್ಲಿ ಮನೆಯ ಸಮುದ್ರವೆಂದರೆ ಗಾಜಿನ ತೊಟ್ಟಿಯಲ್ಲಿ ಉಪ್ಪು ಬೆರೆಸಿ ಕಟ್ಟಿಕೊಂಡದ್ದು. ಅಲ್ಲಿ ಸಾಕಿದ ಹವಳ ಸತ್ತರೆ ನೋವಾಗುವುದು ಸಹಜ, ಏಕೆಂದರೆ ಅದು ಕಲ್ಲಲ್ಲ, ಪ್ರಾಣಿ. ಆ ನೋವಿಗೆ ಮದ್ದು ಮರುದಿನವೇ ಇನ್ನೊಂದನ್ನು ತರುವುದಲ್ಲ, ಸಾವಿನ ಕಾರಣ ಹುಡುಕುವುದು. ಚಿಕ್ಕ ತೊಟ್ಟಿಯಲ್ಲಿ ಕೊರತೆ ಪ್ರೀತಿಯದಲ್ಲ, ನೀರಿನದು. 40 ಲೀಟರಿನಲ್ಲಿ ಒಂದೇ ಲೀಟರ್ ಆವಿಯಾದರೂ ಲೀಟರಿಗೆ 35 ಗ್ರಾಂ ಇದ್ದ ಉಪ್ಪು ಸುಮಾರು 36ಕ್ಕೇರುತ್ತದೆ. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ನೀರು ಬೇಗ ಬಿಸಿಯೇರಿ ಆಮ್ಲಜನಕ ಇಳಿಯುತ್ತದೆ. ಬಿಸಿ ತಾಳದ ಹವಳ ತನಗೆ ಆಹಾರ ಕೊಡುವ ಪಾಚಿಯನ್ನೇ ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದಲ್ಲಿ ಆದದ್ದೂ ಇದೇ.

ಸಮುದ್ರದಲ್ಲೇ ಸಾಯುವಾಗ ನಮ್ಮ ತೊಟ್ಟಿಯದೇನು ದೊಡ್ಡದು ಎನ್ನುವವರಿದ್ದಾರೆ. ಸಮುದ್ರದ ಬಿಸಿ ನಮ್ಮೊಬ್ಬರ ಕೈಯಲ್ಲಿಲ್ಲ, ತೊಟ್ಟಿಯದು ಇದೆ. ಹಾಗಾಗಿ ಹೊಣೆಯೂ ನಮ್ಮದೇ. ಖಾಲಿ ತೊಟ್ಟಿ ನೋಡಲಾಗದು ಎಂಬ ಮಾತೂ ನಿಜ. ಆದರೆ ಕಾರಣ ಸರಿಪಡಿಸದೆ ತಂದ ಹವಳವೂ ಅದೇ ನೀರಲ್ಲಿ ಸಾಯುತ್ತದೆ. ಮೇಲಾಗಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯಂಥ ದ್ವೀಪದ ಸುತ್ತಲಿಂದ ಅವನ್ನು ಕಿತ್ತು ತರುವುದು ಅಪರಾಧ.

ಸತ್ತದ್ದನ್ನು ಕೊಳೆಯುವ ಮೊದಲು ತೆಗೆಯಿರಿ. ಬಿಳಿಚಿದ್ದರೂ ಮಾಂಸ ಉಳಿದಿದ್ದರೆ ಎಸೆಯಬೇಡಿ, ಅದು ಇನ್ನೂ ಚೇತರಿಸಿಕೊಳ್ಳಬಹುದು. ಆವಿಯಾದಷ್ಟನ್ನು ಬೋರ್‌ವೆಲ್ ನೀರಿನಿಂದಲ್ಲ, ಉಪ್ಪಿಲ್ಲದ ಆರ್‌ಒ ನೀರಿನಿಂದ ತುಂಬಿಸಿ. ಉಷ್ಣತೆ, ಉಪ್ಪು, ನೈಟ್ರೇಟ್ ದಿನವೂ ಬರೆದಿಡಿ. ಅಂಕಿಗಳು ವಾರಗಟ್ಟಲೆ ಸ್ಥಿರವಾಗಿ ನಿಲ್ಲುವವರೆಗೆ ತೊಟ್ಟಿಗೆ ಹೊಸ ಜೀವ ಬೇಡ.