ಹೇಳಿದ ಮಾತು, ಹೇಳದೆ ಉಳಿದ ಮಾತು

ಮುಂಬಯಿ ಕನ್ನಡಿಗರಿಗೂ ಬ್ಯಾಂಕ್ ನೌಕರಿಗೂ ಹಳೆಯ ನಂಟು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಬ್ಯಾಂಕ್ ಸೇರಿದ ಹಿರಿಯರು ನಮ್ಮ ಸಂಘ-ಸಂಸ್ಥೆಗಳಲ್ಲಿ ಇಂದಿಗೂ ಇದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಬರೆಯಬೇಕಾದದ್ದು 2011ರಲ್ಲಿ ಆರಂಭವಾದ ಐಬಿಪಿಎಸ್ ಸಾಮಾನ್ಯ ಪರೀಕ್ಷೆ. ಅದರಲ್ಲಿ ಒಂದು ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಲೆಕ್ಕದಲ್ಲಿ ಗಟ್ಟಿಗರಾದವರೂ ಎಡವುವುದು ರೀಸನಿಂಗ್ ವಿಭಾಗದ ಒಂದು ಬಗೆಯ ಪ್ರಶ್ನೆಯಲ್ಲಿ: ಕೊಟ್ಟ ಹೇಳಿಕೆಯ ಹಿಂದಿರುವ ಗೃಹೀತ ಯಾವುದು, ಅದರಿಂದ ಹೊರಡುವ ತೀರ್ಮಾನ ಯಾವುದು?

ಎರಡಕ್ಕೂ ಇರುವ ಅಂತರ ಸರಳವಾದುದು. ಗೃಹೀತವೆಂದರೆ ಹೇಳುವವನು ಬಾಯಿಬಿಟ್ಟು ಹೇಳದೆ ಮೊದಲೇ ಒಪ್ಪಿಕೊಂಡಿರುವ ಮಾತು. ಅದು ಮನೆಯ ಪಂಚಾಂಗದಂತೆ. ಕಣ್ಣಿಗೆ ಕಾಣದು, ಆದರೆ ಕಿತ್ತರೆ ಗೋಡೆ ನಿಲ್ಲದು. ತೀರ್ಮಾನವೆಂದರೆ ಕೇಳುವವನು ಅದರ ಮೇಲೆ ಕಟ್ಟುವ ಮಾಳಿಗೆ.

ಉದಾಹರಣೆಗೆ ಸಂಘವೊಂದರ ನೋಟಿಸು ಹೀಗಿದೆಯೆನ್ನೋಣ: ‘ಬರುವ ಭಾನುವಾರದಿಂದ ಮಕ್ಕಳಿಗೆ ಉಚಿತ ಕನ್ನಡ ತರಗತಿ ಆರಂಭವಾಗಲಿದೆ. ಆಸಕ್ತ ಪಾಲಕರು ಹೆಸರು ನೋಂದಾಯಿಸಬೇಕು.’

ಕೆಲವು ಪಾಲಕರಿಗಾದರೂ ಮಕ್ಕಳಿಗೆ ಕನ್ನಡ ಕಲಿಸುವ ಇಚ್ಛೆ ಇದೆ ಎಂಬುದು ಇಲ್ಲಿ ಗೃಹೀತ. ಅದನ್ನು ತಲೆಕೆಳಗು ಮಾಡಿ ನೋಡಬೇಕು. ಯಾರಿಗೂ ಆ ಇಚ್ಛೆ ಇಲ್ಲವೆಂದಾದರೆ ನೋಟಿಸು ಹಾಕುವುದೇ ವ್ಯರ್ಥ. ಆದರೆ ‘ಎಲ್ಲ ಪಾಲಕರೂ ಮಕ್ಕಳನ್ನು ಕಳುಹಿಸುತ್ತಾರೆ’ ಎಂಬುದು ಗೃಹೀತವಲ್ಲ. ಹತ್ತೇ ಮಂದಿ ಕಳುಹಿಸಿದರೂ ತರಗತಿ ನಡೆದೀತು. ‘ಎಲ್ಲ’, ‘ಮಾತ್ರ’, ‘ಖಂಡಿತ’ ಎಂಬ ಪದಗಳು ಕಂಡಲ್ಲಿ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು.

‘ತರಗತಿಗೆ ಶುಲ್ಕವಿಲ್ಲ’ ಎಂಬುದು ಖಚಿತ ತೀರ್ಮಾನ. ಉಚಿತ ಎಂಬ ಮಾತಿನಲ್ಲೇ ಅದು ಅಡಗಿದೆ. ‘ಈ ಮಕ್ಕಳ ಮನೆಯಲ್ಲಿ ಯಾರೂ ಕನ್ನಡ ಮಾತಾಡುವುದಿಲ್ಲ’ ಎಂಬುದೋ ಬರೀ ಸಾಧ್ಯತೆ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡಿಯೂ ಅಕ್ಷರ ಓದಲು ಬಾರದ ಮಕ್ಕಳು ಈ ನಗರದಲ್ಲಿ ಎಷ್ಟಿಲ್ಲ! ಆಗಲೂಬಹುದು ಎಂಬುದಕ್ಕೂ ಆಗಲೇಬೇಕು ಎಂಬುದಕ್ಕೂ ಇರುವ ಈ ಅಂತರದಲ್ಲೇ ಅಂಕ ಜಾರಿಹೋಗುವುದು. ನಮಗೆ ಹೊರಗಿನಿಂದ ಗೊತ್ತಿರುವ ಸಂಗತಿ ನಿಜವೇ ಇದ್ದರೂ ಹೇಳಿಕೆಯಲ್ಲಿ ಆಧಾರವಿಲ್ಲದಿದ್ದರೆ ಅದನ್ನು ಉತ್ತರವಾಗಿ ಗುರುತಿಸುವಂತಿಲ್ಲ.

ಇದು ಪರೀಕ್ಷೆಗೆ ಕೂರುವವರಿಗಷ್ಟೇ ಬೇಕಾದ ವಿದ್ಯೆಯಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನೂ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನೂ ಸೇರಿದವು. ಮೂರೂ ಕರಾವಳಿಯ ಮಣ್ಣಿನಲ್ಲಿ ಹುಟ್ಟಿದ ಬ್ಯಾಂಕುಗಳು. ನಮ್ಮವರ ಉಳಿತಾಯ ಇದ್ದದ್ದೂ ಹೆಚ್ಚಾಗಿ ಅಲ್ಲೇ. ಇಂಥ ಸಂದರ್ಭದಲ್ಲಿ ‘ಹಳೆಯ ಚೆಕ್ ಪುಸ್ತಕ ಬದಲಿಸಿಕೊಳ್ಳಿ’ ಎಂಬ ಸೂಚನೆ ಬರುತ್ತದೆ. ಹಳೆಯ ಚೆಕ್ಕುಗಳು ಕೆಲವು ಗ್ರಾಹಕರ ಬಳಿ ಉಳಿದಿವೆ ಎಂಬುದು ಅದರ ಗೃಹೀತ. ‘ಠೇವಣಿಗೆ ಅಪಾಯ ಬಂದಿದೆ’ ಎಂಬ ತೀರ್ಮಾನಕ್ಕೆ ಆ ಸೂಚನೆಯಲ್ಲಿ ಆಧಾರವೇ ಇಲ್ಲ. ವಿಲೀನದಲ್ಲಿ ಠೇವಣಿಯ ಹೊಣೆ ಹೊಸ ಬ್ಯಾಂಕಿನ ಹೆಗಲೇರುತ್ತದೆ. ಗಾಬರಿಯಿಂದ ಅವಧಿಗೆ ಮುನ್ನ ಠೇವಣಿ ಮುರಿಸಿದ ಹಿರಿಯರು ಕಳೆದುಕೊಳ್ಳುವುದು ಕಾಲು ಅಂಕವನ್ನಲ್ಲ, ಕಷ್ಟಪಟ್ಟು ಕೂಡಿಟ್ಟ ಹಣದ ಬಡ್ಡಿಯನ್ನು.

ಆದ್ದರಿಂದ ಎರಡೇ ಪ್ರಶ್ನೆ ನೆನಪಿಟ್ಟುಕೊಂಡರೆ ಸಾಕು. ಈ ಮಾತು ಸುಳ್ಳಾದರೆ ಹೇಳಿಕೆ ಬಿದ್ದುಹೋಗುತ್ತದೆಯೇ? ಹೌದಾದರೆ ಅದು ಗೃಹೀತ. ಹೇಳಿಕೆ ನಿಜವಾಗಿದ್ದೂ ಈ ಮಾತು ಸುಳ್ಳಾಗಿರಲು ಸಾಧ್ಯವೇ? ಸಾಧ್ಯವಾದರೆ ಅದು ಖಚಿತ ತೀರ್ಮಾನವಲ್ಲ, ಬರೀ ಊಹೆ. ಸಂಘಗಳ ವಾಚನಾಲಯದಲ್ಲಿ ದಿನಕ್ಕೊಂದು ಸುದ್ದಿಯನ್ನು ಹಿರಿಯರೂ ಮಕ್ಕಳೂ ಜೊತೆಗೆ ಕೂತು ಹೀಗೆ ಒರೆಗೆ ಹಚ್ಚಿದರೆ, ಖರ್ಚಿಲ್ಲದೆ ಎರಡು ತಲೆಮಾರಿಗೂ ಲಾಭ.