ಎರಡು ಅಂಬಾರಿ ಭಾರದ ಗಾಜು

ಅಟ್ಟದಿಂದ ಹಳೇ ಟಿವಿ ಇಳಿಸಲು ನನ್ನದೂ ಗುಜರಿಯವನದೂ ಸೇರಿ ನಾಲ್ಕು ಕೈ ಬೇಕಾದವು. 21 ಇಂಚಿನ ಕಲರ್ ಟಿವಿ, ಅಮ್ಮ ಹೆಣೆದ ಕ್ರೋಶಾ ಹೊದಿಕೆ ಸಮೇತ. ಆತ ಹಿಂದಿನ ಮುಚ್ಚಳದ ಸಂದಿಯಲ್ಲಿ ಇಣುಕಿದ, ಬೆರಳಿನಿಂದ ಒಮ್ಮೆ ತಟ್ಟಿದ, ಆಮೇಲೆ ವ್ಯಾಪಾರಕ್ಕಿಳಿದ. “ತಾಮ್ರ ತಗೊತೀನಿ ಸಾರ್, ಬೋರ್ಡ್ ತಗೊತೀನಿ, ಪ್ಲಾಸ್ಟಿಕ್ಕೂ ತಗೊತೀನಿ. ಗ್ಲಾಸ್ ಮಾತ್ರ ನೀವೇ ಇಟ್ಕೊಳ್ಳಿ.”

ಇಪ್ಪತ್ತು ವರ್ಷ ಮನೆಮಂದಿಯೆಲ್ಲ ಕೂತು ನೋಡಿದ್ದು ಆ ಗಾಜನ್ನೇ. ಟಿವಿಯ ತೂಕದಲ್ಲಿ ದೊಡ್ಡ ಪಾಲು ಅದರದ್ದೇ. ಈಗ ಅದೊಂದು ಯಾರಿಗೂ ಬೇಡ. “ಇಲ್ಲೇ ಒಡೆದು ಕೊಡ್ತೀನಿ, ಎರಡು ನಿಮಿಷ” ಅಂತ ಚೀಲದಿಂದ ಸುತ್ತಿಗೆ ತೆಗೆದ. ಬೇಡಪ್ಪಾ ಅಂದೆ. ಯಾಕೆ ಬೇಡ ಅನ್ನುವುದಕ್ಕೆ ಕೊಂಚ ಲೆಕ್ಕ ಹೇಳಬೇಕಾಗುತ್ತದೆ.

ಪಿಕ್ಚರ್ ಟ್ಯೂಬ್ ಅಂದರೆ ಒಳಗೆ ಏನೂ ಇಲ್ಲದ ದೊಡ್ಡ ಗಾಜಿನ ಬುರುಡೆ. ಗಾಳಿಯನ್ನೆಲ್ಲ ಹೀರಿ ತೆಗೆದು ಕತ್ತನ್ನು ಬೆಸೆದಿರುತ್ತಾರೆ. ನಮ್ಮ ಸುತ್ತಲಿನ ಗಾಳಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 10 ಟನ್ ಭಾರ ಹೇರುತ್ತದೆ. ನಮ್ಮೊಳಗಿಂದಲೂ ಅಷ್ಟೇ ಒತ್ತಡ ಹೊರಕ್ಕೆ ತಳ್ಳುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಟ್ಯೂಬಿಗೆ ಆ ಒಳಗಿನ ಆಸರೆ ಇಲ್ಲ. 21 ಇಂಚಿನ ಪರದೆಯ ಅಗಲ 43 ಸೆಂಟಿಮೀಟರ್, ಎತ್ತರ 32. ಗುಣಿಸಿ ನೋಡಿದರೆ ಮುಖದ ಮೇಲೊಂದರಲ್ಲೇ ಸುಮಾರು 1,400 ಕೆ.ಜಿ. ಭಾರ. ಮೈಸೂರು ದಸರಾದಲ್ಲಿ ಆನೆ ಹೊರುವ ಚಿನ್ನದ ಅಂಬಾರಿಯ ತೂಕ 750 ಕೆ.ಜಿ. ಆನೆ ಒಂದು ಅಂಬಾರಿಯನ್ನು ವರ್ಷಕ್ಕೊಮ್ಮೆ ಹೊತ್ತು ಇಳಿಸುತ್ತದೆ. ನಮ್ಮ ಟಿವಿ ಹತ್ತಿರ ಹತ್ತಿರ ಎರಡು ಅಂಬಾರಿಗಳನ್ನು ಹಗಲೂ ರಾತ್ರಿ ಹೊತ್ತುಕೊಂಡಿತ್ತು, ಆಫ್ ಆಗಿದ್ದಾಗಲೂ, ಅಟ್ಟದಲ್ಲಿ ಧೂಳು ತಿನ್ನುತ್ತಿದ್ದಾಗಲೂ. ಅಂಥದ್ದರ ಮೇಲೆ ಸುತ್ತಿಗೆ ಬಿದ್ದರೆ ಗಾಜು ಮೊದಲು ಒಳಕ್ಕೆ ಕುಸಿಯುತ್ತದೆ, ಅದೇ ರಭಸದಲ್ಲಿ ಚೂರುಗಳು ಎದುರಿನಿಂದ ಹೊರಕ್ಕೆ ಸಿಡಿಯುತ್ತವೆ.

ಇನ್ನು ಅದರೊಳಗೆ ನಡೆಯುತ್ತಿದ್ದ ಓಟ. ನಮ್ಮ ದೂರದರ್ಶನದ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಂದರೆ ಒಂದು ಬೆಳಕಿನ ಚುಕ್ಕಿ ಸೆಕೆಂಡಿಗೆ 15,625 ಸಲ ಎಡದಿಂದ ಬಲಕ್ಕೆ ಓಡಬೇಕು. ಒಂದು ಗೆರೆ ಎಳೆಯಲು ಅದಕ್ಕೆ ಸಿಗುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ 52 ಪಾಲು ಮಾತ್ರ. ಹಾಗಾಗಿ ನಮ್ಮ ಹಾಲಿನ ಮೂಲೆಯಲ್ಲಿ ಆ ಚುಕ್ಕಿಯ ವೇಗ ಸೆಕೆಂಡಿಗೆ 8 ಕಿಲೋಮೀಟರ್ ದಾಟುತ್ತಿತ್ತು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತುವ ಉಪಗ್ರಹಗಳ ವೇಗವೂ ಹೆಚ್ಚು ಕಡಿಮೆ ಇಷ್ಟೇ. ಭಾನುವಾರ ಸಂಜೆಯ ಎರಡೂವರೆ ಗಂಟೆಯ ಸಿನಿಮಾ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಅದು ಎಳೆದ ಗೆರೆಗಳನ್ನು ಉದ್ದಕ್ಕೆ ಜೋಡಿಸಿದರೆ ಸುಮಾರು 55,000 ಕಿಲೋಮೀಟರ್. ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿ ಇನ್ನೊಂದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ನಾವು ಅಷ್ಟು ಹೊತ್ತು ಜಾಹೀರಾತು ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದೆವು.

ಚುಕ್ಕಿಯನ್ನು ಮೂಡಿಸುವ ಎಲೆಕ್ಟ್ರಾನುಗಳ ವೇಗದ ಮುಂದೆ ಇದೂ ಆಮೆ ನಡಿಗೆಯೇ. ಸುಮಾರು 25,000 ವೋಲ್ಟಿನ ಸೆಳೆತಕ್ಕೆ ಸಿಕ್ಕ ಅವು ಸೆಕೆಂಡಿಗೆ 90,000 ಕಿಲೋಮೀಟರ್ ವೇಗದಲ್ಲಿ ಬಂದು ಪರದೆಗೆ ಬಡಿಯುತ್ತವೆ. ಅಷ್ಟು ಜೋರಾಗಿ ಬಂದದ್ದು ಥಟ್ಟನೆ ನಿಂತರೆ ಎಕ್ಸ್-ರೇ ಹುಟ್ಟುತ್ತದೆ. “ಹತ್ರ ಕೂತ್ಕೊಂಡು ನೋಡ್ಬೇಡ, ಕಣ್ಣು ಹೋಗುತ್ತೆ” ಎಂಬ ಅಮ್ಮಂದಿರ ಗದರಿಕೆಯ ಹಿಂದೆ ಒಂದಿಷ್ಟು ಚರಿತ್ರೆಯೂ ಇದೆ. 1967ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸುಮಾರು 90,000 ಕಲರ್ ಟಿವಿಗಳು ಮಿತಿಮೀರಿ ಎಕ್ಸ್-ರೇ ಸೂಸುತ್ತಿರುವುದು ಪತ್ತೆಯಾಗಿ, ಮರುವರ್ಷವೇ ಅಲ್ಲಿ ವಿಕಿರಣ ನಿಯಂತ್ರಣದ ಕಾಯಿದೆ ಬಂತು. ಅಲ್ಲಿ ತಪ್ಪು ಪಿಕ್ಚರ್ ಟ್ಯೂಬಿನದಾಗಿರಲಿಲ್ಲ, ಒಳಗಿದ್ದ ಇನ್ನೊಂದು ವಾಲ್ವಿನದು. ಪಿಕ್ಚರ್ ಟ್ಯೂಬ್ ತನ್ನ ಎಕ್ಸ್-ರೇಯನ್ನು ತಾನೇ ನುಂಗಿಕೊಳ್ಳುತ್ತಿತ್ತು.

ಅದು ನುಂಗುತ್ತಿದ್ದುದು ಸೀಸದ ಬಲದಿಂದ. ಕನ್ನಡದಲ್ಲಿ ಸೀಸೆಗೂ ಸೀಸಕ್ಕೂ ಒಂದೇ ಸ್ವರದ ಅಂತರ. ಈ ಸೀಸೆಯೊಳಗೆ ನಿಜಕ್ಕೂ ಸೀಸವಿದೆ. ಹಿಂಬದಿಯ ಆಲಿಕೆಯಂಥ ಭಾಗದ ಗಾಜಿನಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಸೀಸದ ಆಕ್ಸೈಡ್. ಕತ್ತಿನಲ್ಲಿ ಇನ್ನೂ ಜಾಸ್ತಿ. ಮುಂದಿನ ಪರದೆಗೂ ಆಲಿಕೆಗೂ ಹಾಕಿದ ಗಾಜಿನ ಬೆಸುಗೆಯಂತೂ ಬಹುಪಾಲು ಸೀಸವೇ. ಪರದೆಗೆ ಮಾತ್ರ ಸೀಸ ಒಗ್ಗುವುದಿಲ್ಲ, ಎಲೆಕ್ಟ್ರಾನಿನ ಹೊಡೆತಕ್ಕೆ ಅಂಥ ಗಾಜು ಕಂದಾಗುತ್ತದೆ. ಅಲ್ಲಿಗೆ ಬೇರಿಯಂ, ಸ್ಟ್ರಾನ್ಷಿಯಂ ಬೆರೆಸಿದರು. ಒಟ್ಟಿನಲ್ಲಿ 21 ಇಂಚಿನ ಟಿವಿಯೊಂದರಲ್ಲಿ ಮುಕ್ಕಾಲು ಕೆ.ಜಿ.ಯಷ್ಟಾದರೂ ಸೀಸ ಎಂದು ಇಟ್ಟುಕೊಳ್ಳೋಣ.

ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮುಕ್ಕಾಲು ಕೆ.ಜಿ.ಯನ್ನು ಇದರಿಂದ ಭಾಗಿಸಿ. 7.5 ಕೋಟಿ ಲೀಟರ್! ಕಾವೇರಿ ಐದನೇ ಹಂತ ಬರುವ ಮೊದಲು ಬೆಂಗಳೂರಿಗೆ ದಿನಕ್ಕೆ ಹರಿಯುತ್ತಿದ್ದ ಕಾವೇರಿ ನೀರು ಸುಮಾರು 145 ಕೋಟಿ ಲೀಟರ್. ಅಷ್ಟನ್ನೂ ಮಿತಿಯ ಅಂಚಿಗೆ ತರಲು ಇಪ್ಪತ್ತು ಟಿವಿಗಳ ಸೀಸ ಸಾಕು. ನಮ್ಮ ಬೀದಿಯ ಒಂದು ಮಗ್ಗುಲ ಅಟ್ಟಗಳನ್ನು ತಡಕಿದರೂ ಇಪ್ಪತ್ತು ಸಿಕ್ಕಾವು.

ಇದು ಕಾಗದದ ಮೇಲಿನ ಲೆಕ್ಕ, ಒಪ್ಪುತ್ತೇನೆ. ಇಡಿಯಾಗಿರುವ ಟ್ಯೂಬಿನಿಂದ ಸೀಸ ಎದ್ದು ಬಂದು ಯಾರ ಲೋಟಕ್ಕೂ ಬೀಳುವುದಿಲ್ಲ. ಗಾಜು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಿಡಿತ ಸಡಿಲವಾಗುವುದು ಒಡೆದಾಗ, ಪುಡಿಯಾದಾಗ, ಹುಳಿ ಹತ್ತಿದಾಗ. ಫ್ಲಾರಿಡಾ ವಿಶ್ವವಿದ್ಯಾಲಯದವರು ಟ್ಯೂಬುಗಳನ್ನು ಚೂರು ಮಾಡಿ, ಕಸದ ಗುಂಡಿಯ ರಸವನ್ನು ಹೋಲುವ ತೆಳು ಹುಳಿಯಲ್ಲಿ ಅಲುಗಾಡಿಸಿ ನೋಡಿದರು. ಆ ದ್ರವದಲ್ಲಿ ಸರಾಸರಿ ಲೀಟರಿಗೆ 18.5 ಮಿಲಿಗ್ರಾಂ ಸೀಸ ಸಿಕ್ಕಿತು. ಅಪಾಯಕಾರಿ ಕಸ ಅನ್ನಿಸಿಕೊಳ್ಳಲು ಅಲ್ಲಿನ ಗೆರೆ 5 ಮಿಲಿಗ್ರಾಂ. ಸಿಕ್ಕ ಸೀಸವನ್ನು ನಮ್ಮ ಕುಡಿಯುವ ನೀರಿನ ಮಿತಿಗೆ ಹೋಲಿಸಿದರೆ 1,850 ಪಟ್ಟು. ಗುಜರಿಯವನ ಸುತ್ತಿಗೆ ಮತ್ತು ರಾಜಕಾಲುವೆ ಸೇರಿದರೆ ಈ ಪ್ರಯೋಗವನ್ನು ನಾವೇ ಮಾಡಿದಂತಾಗುತ್ತದೆ.

ಎಷ್ಟು ಟ್ಯೂಬುಗಳಿವೆ ಎಂದರೆ ತಲೆ ತಿರುಗುತ್ತದೆ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ಶುರುವಾದಾಗ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ತಲುಪಿತು. ನಮ್ಮ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಹಳ್ಳಿಗೊಂದು ಕಪ್ಪು-ಬಿಳುಪು ಟಿವಿ, ಕೋಳಿಗೂಡಿನ ಜಾಲರಿಯಿಂದ ಮಾಡಿದ ಡಿಶ್. ಮೂರು ದಶಕ ಕಳೆದು 2006ರಿಂದ 2011ರ ನಡುವೆ ಪಕ್ಕದ ತಮಿಳುನಾಡು ಸರ್ಕಾರ ಪುಕ್ಕಟೆಯಾಗಿ ಹಂಚಿದ 14 ಇಂಚಿನ ಕಲರ್ ಟಿವಿಗಳು ಸುಮಾರು 1.6 ಕೋಟಿ. ಆ ಪುಟ್ಟ ಟ್ಯೂಬಿಗೆ 5 ಕೆ.ಜಿ. ಅಂತ ಹಿಡಿದರೂ 80,000 ಟನ್. ಹತ್ತು ಟನ್ನಿನ ಲಾರಿಗಳಿಗೆ ತುಂಬಿದರೆ 8,000 ಲಾರಿ. ಒಂದರ ಬೆನ್ನಿಗೆ ಒಂದು ನಿಲ್ಲಿಸಿದರೆ, ಮೊದಲ ಲಾರಿಯ ಡ್ರೈವರ್ ಮದ್ದೂರಿನಲ್ಲಿ ವಡೆ ತಿನ್ನುವಾಗ ಕೊನೆಯ ಲಾರಿ ಇನ್ನೂ ಕೆಂಗೇರಿ ತಲುಪಿರುವುದಿಲ್ಲ. ತಲಾ 300 ಗ್ರಾಂ ಸೀಸ ಎಂದರೂ 4,800 ಟನ್. ಎರಡಂತಸ್ತಿನ ಮನೆಯನ್ನು ಮೀರಿಸುವ, ಒಳಗೆ ಟೊಳ್ಳೇ ಇಲ್ಲದ ಸೀಸದ ಗಟ್ಟಿ. ಇದು ಒಂದು ರಾಜ್ಯದ, ಒಂದು ಯೋಜನೆಯ ಲೆಕ್ಕ ಮಾತ್ರ.

ಮೊದಲು ಇದಕ್ಕೊಂದು ಸುಲಭದ ದಾರಿ ಇತ್ತು: ಹಳೇ ಟ್ಯೂಬಿನ ಗಾಜು ಕರಗಿಸಿ ಹೊಸ ಟ್ಯೂಬ್ ಮಾಡುವುದು. ಗುಜರಾತಿನ ಭರೂಚ್‌ನಲ್ಲಿದ್ದ ವಿಡಿಯೋಕಾನ್ ಗಾಜಿನ ಕುಲುಮೆಗೆ ಅಮೆರಿಕದಿಂದಲೂ ಇಂಥ ಗಾಜು ಬರುತ್ತಿತ್ತು. ಆದರೆ 2007ರ ಕೊನೆಗೆ ಜಗತ್ತಿನ ಮಾರಾಟದಲ್ಲಿ ಎಲ್‌ಸಿಡಿ ಮುಂದಾಯಿತು. ಹೊಸ ಟ್ಯೂಬ್ ಕೇಳುವವರೇ ಇಲ್ಲವಾದ ಮೇಲೆ ಕುಲುಮೆಗಳ ಬಾಯಿ ಒಂದೊಂದಾಗಿ ಮುಚ್ಚಿತು. ಅಮೆರಿಕದ ಕೊಲಂಬಸ್ ನಗರದಲ್ಲಿ, ಗಾಜಿನಿಂದ ಸೀಸ ಬೇರ್ಪಡಿಸುವ ಕುಲುಮೆ ಕಟ್ಟುತ್ತೇವೆ ಎಂದು ಹಣ ಪಡೆದು ಗಾಜು ಗುಡ್ಡೆ ಹಾಕಿಕೊಂಡ ಕಂಪನಿಯೊಂದು 2016ರ ಹೊತ್ತಿಗೆ ಕೈ ಎತ್ತಿತು. ಬಾಡಿಗೆ ಗೋದಾಮುಗಳಲ್ಲಿ ಉಳಿದದ್ದು 50,000 ಟನ್‌ಗೂ ಹೆಚ್ಚು. ಗೋದಾಮಿನ ಮಾಲೀಕರು ಕೋರ್ಟಿಗೆ ಅಲೆದರು. “ಗ್ಲಾಸ್ ನೀವೇ ಇಟ್ಕೊಳ್ಳಿ” ಅನ್ನುವ ಮಾತು ಅಲ್ಲೂ ನಡೆದಿದೆ, ಇಂಗ್ಲಿಷಿನಲ್ಲಿ.

ಸರಿಯಾಗಿ ಬಿಚ್ಚುವ ಕೆಲಸ ನಿಧಾನದ್ದು. ಮೊದಲು ಒಳಗೆ ಉಳಿದ ಕರೆಂಟನ್ನು ಅರ್ಥ್ ಮಾಡಬೇಕು. ತಂತಿ ಕಟ್ಟಿದ ಸ್ಕ್ರೂಡ್ರೈವರ್ ತಾಗಿಸಿದರೆ ಚಟ್ ಅನ್ನುತ್ತದೆ. ಆಮೇಲೆ ಗಾಳಿ ನಿಧಾನವಾಗಿ ಒಳನುಗ್ಗುವಂತೆ ಸಣ್ಣ ತೂತು. ಸುಸ್ ಅಂತ ಶಬ್ದ ಬಂದು ನಿಂತಾಗ ಎರಡು ಅಂಬಾರಿಯೂ ಇಳಿದಂತೆ. ಪರದೆ ಮತ್ತು ಆಲಿಕೆ ಕೂಡುವ ಕಡೆ ಕಾದ ತಂತಿ ಸುತ್ತಿ ತಣ್ಣಗೆ ಮಾಡಿದರೆ ಗಾಜು ತಾನೇ ಗೆರೆ ಬಿಡುತ್ತದೆ. ಪರದೆ ಎತ್ತಿದರೆ ಲಕ್ಷಗಟ್ಟಲೆ ತೂತಿನ ಉಕ್ಕಿನ ಜರಡಿ ಸಿಗುತ್ತದೆ. ಅದರಡಿ ಗಾಜಿಗೆ ಮೆತ್ತಿದ ತೆಳು ಪುಡಿ, ಕೆಲವೇ ಗ್ರಾಂ. ನಾವು ಕಂಡ ಕೆಂಪು, ಹಸಿರು, ನೀಲಿಯೆಲ್ಲ ಅಷ್ಟೇ. ಅದನ್ನು ಊದಬಾರದು, ಗುಡಿಸಬಾರದು, ಯಂತ್ರದಿಂದ ಹೀರಬೇಕು. ಸೀಸದ ಗಾಜು ಒಂದು ಡ್ರಮ್ಮಿಗೆ, ಸೀಸವಿಲ್ಲದ ಪರದೆ ಇನ್ನೊಂದಕ್ಕೆ. ಬೆರೆತರೆ ಅಷ್ಟೂ ಸೀಸದ ಗಾಜೇ.

ದೇಶದ ಮೊದಲ ಅಧಿಕೃತ ಇ-ಕಸ ಘಟಕ ಶುರುವಾದದ್ದು ನಮ್ಮ ದಾಬಸ್‌ಪೇಟೆಯಲ್ಲೇ, 2005ರಲ್ಲಿ, ಇ-ಪರಿಸರ ಎಂಬ ಹೆಸರಿನಲ್ಲಿ. ಇ-ಕಸದ ನಿಯಮಗಳು ಜಾರಿಗೆ ಬಂದದ್ದು 2012ರ ಮೇ 1ರಂದು. ಆದರೂ ಸುತ್ತಿಗೆಯೇ ಹತ್ತಿರದಲ್ಲಿರುತ್ತದೆ, ಯಾಕೆಂದರೆ ಟ್ಯೂಬಿನ ಕತ್ತಿಗೆ ಸುತ್ತಿದ ‘ಯೋಕ್’ ಎಂಬ ತಂತಿ ಸುರುಳಿಯಲ್ಲಿ ಕೆಲವು ನೂರು ಗ್ರಾಂ ತಾಮ್ರವಿದೆ. ಗುಜರಿಯವನ ಮೇಲೆ ನನಗೆ ಸಿಟ್ಟಿಲ್ಲ. ಅವನ ತಕ್ಕಡಿಯಲ್ಲಿ ಸೀಸಕ್ಕೆ ಬೆಲೆ ಇಲ್ಲ, ತಾಮ್ರಕ್ಕಿದೆ.

ಅವನಿಗೆ ಹಳೇ ಪೇಪರ್ ಕೊಟ್ಟು ಕಳಿಸಿದೆ. ಮರುದಿನ ಟಿವಿಯನ್ನು ಆಟೋದಲ್ಲಿ ಹೇರಿಕೊಂಡು ಇ-ಕಸ ಸಂಗ್ರಹ ಕೇಂದ್ರಕ್ಕೆ ಹೋದೆ. ಆಟೋ ಬಾಡಿಗೆ 180 ರೂಪಾಯಿ, ಟಿವಿಗೆ ಸಿಕ್ಕಿದ್ದು ಒಂದು ರಸೀದಿ. ಅಲ್ಲಿನ ಹುಡುಗ ಅದನ್ನು ತಕ್ಕಡಿಗಿಟ್ಟ. 23 ಕೆ.ಜಿ. ಆಮೇಲೆ ನೆಲದ ಮೇಲೆ ದಪ್ಪ ಗೋಣಿತಾಟು ಹಾಸಿ, ಕತ್ತಿನ ಕಡೆ ಕೈ ಹಾಕದೆ, ಪರದೆ ಕೆಳಗೆ ಬರುವಂತೆ ಬೋರಲು ಮಲಗಿಸಿದ. ಅದರ ಪಕ್ಕದಲ್ಲಿ ಹಾಗೇ ಬೋರಲಾಗಿ ಮಲಗಿದ್ದವು ಇನ್ನೂ ಹದಿನಾಲ್ಕು.