ಕಲ್ಲಾದ ಚಿಪ್ಪಿನೊಳಗೆ ಏನಿದೆ?

ಮರುವಾಯಿಯ ಚಿಪ್ಪು ಬಿಡಿಸಿ ಒಳಗನ್ನು ನೋಡುವುದು ನಮಗೆ ಸುಲಭ. ಆದರೆ ಕೋಟ್ಯಂತರ ವರ್ಷಗಳ ಹಿಂದೆ ಕೆಸರು ತುಂಬಿ ಕಲ್ಲಾದ ಚಿಪ್ಪಿನ ಒಳರಚನೆಯನ್ನು ಅಳೆಯುವುದು ಹೇಗೆ?

ಆಕ್ಸ್‌ಫರ್ಡಿನ ಪ್ರೊ. ಸೊಲ್ಲಾಸ್ 1904ರಲ್ಲಿ ಒಂದು ವಿಧಾನವನ್ನು ವಿವರಿಸಿದರು. ಪಳೆಯುಳಿಕೆಯನ್ನು ಕೂದಲೆಳೆಯಷ್ಟು ತೇಯುವುದು, ಕಂಡುದರ ಚಿತ್ರ ತೆಗೆಯುವುದು, ಮತ್ತೆ ತೇಯುವುದು. ಆ ಚಿತ್ರಗಳಂತೆ ಮೇಣದ ಹಾಳೆಗಳನ್ನು ಕತ್ತರಿಸಿ ಒಂದರ ಮೇಲೊಂದು ಜೋಡಿಸಿದರೆ ಒಳಗಿನ ಆಕಾರವೇ ದೊಡ್ಡದಾಗಿ ಎದುರು ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಮೂಲ ವಸ್ತು ಧೂಳಾಗಿರುತ್ತದೆ! ತಪ್ಪಾಗಿದ್ದರೆ ಮತ್ತೊಮ್ಮೆ ನೋಡುವಂತಿಲ್ಲ.

ಇಂದು ಸಿ.ಟಿ. ಯಂತ್ರದ ಕ್ಷ-ಕಿರಣಗಳು ಚಿಪ್ಪನ್ನು ಕೆಡಿಸದೆಯೇ ಒಳಗಿನ ಪದರ ಪದರದ ಚಿತ್ರ ಕೊಡುತ್ತವೆ. ಆದರೂ ಚಿಪ್ಪು, ಅದರೊಳಗೆ ತುಂಬಿದ ಕಲ್ಲು ಎರಡೂ ಒಂದೇ ಬಗೆಯ ಸುಣ್ಣವಾದರೆ ಕ್ಷ-ಕಿರಣಕ್ಕೂ ಭೇದ ತಿಳಿಯುವುದು ಕಷ್ಟ. ಆಗ ಹಳೆಯ ತೇಯುವಿಕೆಯೇ ಗತಿ. ಅದಕ್ಕೆ ಮೊದಲು ಹೊರಮೈಯ ಅಚ್ಚನ್ನಾದರೂ ತೆಗೆದಿಡಬೇಕು. ತೇದುದು ಮರಳಿ ಬಾರದು.